ಹತ್ತಿಯೊಂದನ್ನೇ ನಂಬಿದ ಪತಂಗ

ನವೆಂಬರ್ ತಿಂಗಳಲ್ಲಿ ಹಸಿರಾಗಿ, ಗಟ್ಟಿಯಾಗಿ, ಮೇಲೊಂದೂ ತೂತಿಲ್ಲದ ಹತ್ತಿಕಾಯಿಯನ್ನು ಒಡೆದು ನೋಡಿದರೆ ಕೆಲವೊಮ್ಮೆ ಒಳಗೆ ಗುಲಾಬಿ ಬಣ್ಣದ ಪುಟ್ಟ ಹುಳವೊಂದು ಬೀಜ ತಿನ್ನುತ್ತಾ ಕೂತಿರುತ್ತದೆ. ಸುತ್ತಲಿನ ಅರಳೆ ಕಂದುಬಣ್ಣಕ್ಕೆ ತಿರುಗಿ ತೊಳೆಗೆ ಅಂಟಿಕೊಂಡಿರುತ್ತದೆ. ಬದುವಿನ ಮೇಲೆ ನಿಂತು ನೋಡಿದವರಿಗೆ ಮಾತ್ರ ಗಿಡದ ತುಂಬ ಕಾಯಿ, ಬೆಳೆ ಚೆನ್ನಾಗಿದೆ. ಕಾಯಿ ಅರಳುವ ಹೊತ್ತಿಗೆ, ಅಥವಾ ಅರಳದೆ ಅರ್ಧಕ್ಕೆ ನಿಲ್ಲುವ ಹೊತ್ತಿಗೆ, ಸತ್ಯ ಗೊತ್ತಾಗುತ್ತದೆ. ಅಷ್ಟರಲ್ಲಿ ಗೊಬ್ಬರ, ಔಷಧಿ, ಕೂಲಿ ಎಲ್ಲಕ್ಕೂ ದುಡ್ಡು ಹೋಗಿ ಆಗಿರುತ್ತದೆ.

ರಾಯಚೂರು, ಯಾದಗಿರಿ, ಕಲಬುರಗಿ, ಹಾವೇರಿ, ಧಾರವಾಡದ ಕಡೆ ಹತ್ತಿ ಬೆಳೆದವರಿಗೆ ಗುಲಾಬಿ ಕಾಯಿಕೊರಕವನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಆದರೆ ಅವರಿಗೆ ಗೊತ್ತಿರುವುದು ಹುಳ. ಆ ಹುಳದ ತಾಯಿಯಾದ ಪತಂಗವನ್ನು ಕಣ್ಣಾರೆ ಕಂಡು ಗುರುತಿಸಿದವರು ಕಡಿಮೆ. ಅದು ಕಾಣುವಂಥದ್ದೂ ಅಲ್ಲ. ಬೂದು ಬೆರೆತ ಕಂದು ಬಣ್ಣ, ರೆಕ್ಕೆ ಬಿಚ್ಚಿದರೂ ಈ ತುದಿಯಿಂದ ಆ ತುದಿಗೆ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಮುಂದಿನ ರೆಕ್ಕೆಗಳ ಮೇಲೆ ಮಸುಕಾದ ಕಪ್ಪು ಕಲೆಗಳು, ಹಿಂದಿನ ರೆಕ್ಕೆಗಳ ಅಂಚಿಗೆ ಉದ್ದನೆಯ ಕೂದಲಿನ ಝಾಲರು. ಹಗಲೆಲ್ಲ ಮಣ್ಣಿನ ಬಿರುಕಿನಲ್ಲಿ, ಒಣಗಿದ ಎಲೆಗಳಡಿ ಅಡಗಿರುತ್ತದೆ. ಎರೆಮಣ್ಣಿನಲ್ಲಿ ಬಿರುಕಿಗೆ ಬರವೇ? ಕತ್ತಲಾದ ಮೇಲೆ ಹೊರಬರುತ್ತದೆ, ಹೆಣ್ಣು ಗಂಡು ಕೂಡುವುದು ಹೆಚ್ಚಾಗಿ ಮಧ್ಯರಾತ್ರಿ ಕಳೆದು ಬೆಳಗಾಗುವುದರೊಳಗೆ. ಆಯುಸ್ಸು ಒಂದೆರಡು ವಾರ. ಇಷ್ಟು ಅಲ್ಪ ಜೀವಿ ಇಡೀ ದೇಶದ ಹತ್ತಿ ಬೇಸಾಯದ ಲೆಕ್ಕಾಚಾರವನ್ನು ಹೇಗೆ ತಲೆಕೆಳಗು ಮಾಡಿತು ಎಂಬುದನ್ನು ತಿಳಿಯಬೇಕಾದರೆ ಔಷಧಿಯ ಡಬ್ಬಿಯಿಂದ ಶುರುಮಾಡಿ ಉಪಯೋಗವಿಲ್ಲ. ಅದು ಹೇಗೆ ಹುಟ್ಟುತ್ತದೆ, ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಹೆಣ್ಣು ಪತಂಗ ನೂರರಿಂದ ಕೆಲವು ನೂರು ಮೊಟ್ಟೆ ಇಡುತ್ತದೆ. ಹಂಗಾಮಿನ ಆರಂಭದಲ್ಲಿ ಮೊಗ್ಗು, ಹೂವಿನ ಬಳಿ; ಕಾಯಿ ಕಟ್ಟಿದ ಮೇಲೆ ಕಾಯಿಯ ಬುಡದಲ್ಲಿ, ತೊಟ್ಟಿನೆಲೆಗಳು ಮುಚ್ಚುವ ಜಾಗದಲ್ಲಿ. ನಾಲ್ಕೈದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮುಂದಿನ ಒಂದೆರಡು ಗಂಟೆ ಬಹಳ ಮುಖ್ಯ. ಮರಿಹುಳ ಅಷ್ಟರೊಳಗೇ ಕಾಯಿಯ ಸಿಪ್ಪೆ ಕೊರೆದು ಒಳಗೆ ಸೇರಿಬಿಡುತ್ತದೆ. ಕಾಯಿ ಇನ್ನೂ ಬೆಳೆಯುತ್ತಿರುವುದರಿಂದ ಆ ಸೂಕ್ಷ್ಮ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹುಳಕ್ಕೂ ಹೊರಗಿನ ಪ್ರಪಂಚಕ್ಕೂ ಸಂಬಂಧವಿಲ್ಲ. ಹಕ್ಕಿ ಕಾಣುವುದಿಲ್ಲ, ಕಣಜಹುಳ ತಲುಪುವುದಿಲ್ಲ, ಎಲೆಯ ಮೇಲೆ ಬಿದ್ದ ಔಷಧಿಯೂ ತಾಗುವುದಿಲ್ಲ. ವಾರಕ್ಕೊಮ್ಮೆ ಸಿಂಪಡಿಸಿದರೂ ಹುಳ ಸಾಯಲಿಲ್ಲ ಎಂದು ರೈತರು ಹೇಳುವಾಗ ಔಷಧಿ ನಕಲಿ ಎಂದೇ ತೀರ್ಮಾನಿಸಬೇಕಿಲ್ಲ. ಅಸಲಿಯಾದರೂ ಅದು ಕಾಯಿಯೊಳಕ್ಕೆ ಹೋಗುವುದಿಲ್ಲ.

ಒಳಗೆ ಹುಳ ಒಂದು ಬೀಜ ಮುಗಿಸಿ, ಅರಳೆಯನ್ನು ಸೀಳಿಕೊಂಡು ಮತ್ತೊಂದಕ್ಕೆ, ಒಂದು ತೊಳೆಯಿಂದ ಪಕ್ಕದ ತೊಳೆಗೆ ಹೋಗುತ್ತದೆ. ಮೊದಲು ಬೆಳ್ಳಗಿರುವುದು, ಬಲಿತ ಮೇಲಷ್ಟೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಎರಡು ವಾರದಲ್ಲಿ ಬೆಳವಣಿಗೆ ಮುಗಿಸಿ, ಗುಂಡಗಿನ ಒಂದು ತೂತು ಮಾಡಿ ಹೊರಬಿದ್ದು, ಮಣ್ಣಿನಲ್ಲಿ ಕೋಶವಾಗುತ್ತದೆ. ವಾರದ ಮೇಲೆ ಪತಂಗ. ಅಂದರೆ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ. ಮೊಗ್ಗಿನ ಕಾಲದಲ್ಲಿ ಸೇರಿಕೊಂಡ ಹುಳ ಹೂವಿನ ದಳಗಳನ್ನು ರೇಷ್ಮೆ ಎಳೆಯಿಂದ ಹೊಲಿದುಬಿಡುತ್ತದೆ. ಅಂಥ ಹೂವು ಬಿರಿಯದೆ, ದಳ ಸುತ್ತಿಕೊಂಡು, ಮುದುಡಿದ ಗುಲಾಬಿಯಂತೆ ಗಿಡದಲ್ಲೇ ನಿಲ್ಲುತ್ತದೆ. ಹೊಲದಲ್ಲಿ ಈ ಕೀಟ ತಾನಾಗಿ ಬಿಟ್ಟುಕೊಡುವ ಮೊದಲ ಸುಳಿವು ಅದೇ. ಬೆಳಗಿನ ಹೊತ್ತು ಹೊಲ ಸುತ್ತಿ ಅಂಥ ಹೂಗಳನ್ನು ಕಿತ್ತು ಸುಟ್ಟರೆ ಮುಂದಿನ ಪೀಳಿಗೆಯ ಬುಡಕ್ಕೇ ಕೈಹಾಕಿದಂತೆ.

ಈಗ ಈ ಕೀಟದ ಬದುಕಿನ ಅತಿ ಮುಖ್ಯ ಸಂಗತಿಗೆ ಬರೋಣ. ಕಡಲೆ, ತೊಗರಿಗಳ ಕಾಯಿ ಕೊರೆಯುವ ಹಸಿರು ಕೀಡೆ, ಅಂದರೆ ಹೆಲಿಕೋವರ್ಪಾ, ಹತ್ತಿಗೂ ಬರುತ್ತದೆ, ಟೊಮೆಟೊಗೂ ಬರುತ್ತದೆ, ಸೂರ್ಯಕಾಂತಿಗೂ ಬರುತ್ತದೆ. ಸಿಕ್ಕಿದ್ದನ್ನು ತಿಂದು ಬದುಕುವ ಕೀಟ ಅದು. ಗುಲಾಬಿ ಕಾಯಿಕೊರಕ ಹಾಗಲ್ಲ. ಬೆಂಡೆಯಂಥ ಒಂದೆರಡು ಹತ್ತಿರದ ಸಸ್ಯಗಳಲ್ಲಿ ಅಪರೂಪಕ್ಕೆ ಕಂಡರೂ, ಅದರ ನಿಜವಾದ ಮನೆ ಹತ್ತಿಕಾಯಿ ಒಂದೇ. ಹತ್ತಿ ಇಲ್ಲದ ತಿಂಗಳುಗಳಲ್ಲಿ ಅದಕ್ಕೆ ಊಟವಿಲ್ಲ.

ಹಾಗಾದರೆ ಆ ತಿಂಗಳುಗಳನ್ನು ಅದು ಕಳೆಯುವುದು ಹೇಗೆ? ಮಲಗಿ. ಹಗಲು ಗಿಡ್ಡವಾಗಿ, ರಾತ್ರಿ ತಂಪಾದಾಗ, ಬಲಿತ ಹುಳ ಕೋಶವಾಗುವುದನ್ನೇ ಮುಂದೂಡುತ್ತದೆ. ತಿಂದು ಖಾಲಿ ಮಾಡಿದ ಎರಡು ಬೀಜಗಳನ್ನು ಎಳೆಯಿಂದ ಜೋಡಿಸಿ, ನಡುವೆ ತಾನು ಸುರುಳಿ ಸುತ್ತಿಕೊಂಡು, ಉಸಿರಾಟದಂಥ ಒಳಕೆಲಸಗಳನ್ನೆಲ್ಲ ತೀರ ಕಡಿಮೆ ಮಾಡಿಕೊಂಡು ತಿಂಗಳುಗಟ್ಟಲೆ ಇದ್ದುಬಿಡುತ್ತದೆ. ಈ ಸುಪ್ತಾವಸ್ಥೆ ಗಿಡದಲ್ಲೇ ಒಣಗಿದ ಕಾಯಿಯೊಳಗೆ ಆಗಬಹುದು, ಮಣ್ಣಿನಲ್ಲಿ ಆಗಬಹುದು, ಒಲೆ ಉರಿಗೆಂದು ಹಿತ್ತಲಲ್ಲಿ ಒಟ್ಟಿದ ಹತ್ತಿಕಟ್ಟಿಗೆಯಲ್ಲಿ ಆಗಬಹುದು, ಅರಳೆಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನ ಹತ್ತಿಕಾಳಿನ ರಾಶಿಯಲ್ಲೂ ಆಗಬಹುದು. ಮತ್ತೆ ಹಗಲು ಉದ್ದವಾಗಿ, ಬಿಸಿಲೇರಿ, ಮಳೆಯ ತೇವ ತಾಗಿದಾಗ ಪತಂಗ ಏಳುತ್ತದೆ. ಎದ್ದಾಗ ಹೊಲದಲ್ಲಿ ಹತ್ತಿಯ ಮೊಗ್ಗು ಇದ್ದರೆ ಸಂಸಾರ ಮುಂದುವರಿಯುತ್ತದೆ. ಇಲ್ಲದಿದ್ದರೆ, ಮೊಟ್ಟೆ ಇಡಲು ತಕ್ಕ ಜಾಗ ಸಿಗದೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಕೀಟಶಾಸ್ತ್ರಜ್ಞರು ಇದನ್ನು ಆತ್ಮಹತ್ಯೆಯ ಹೊರಬರುವಿಕೆ ಎಂದೇ ಕರೆಯುತ್ತಾರೆ.

ಬೀಜದೊಳಗೆ ಮಲಗುವ ಈ ಗುಣದಿಂದಲೇ ಅದು ಜಗತ್ತು ಸುತ್ತಿತು. 1840ರ ದಶಕದಲ್ಲಿ ಗುಜರಾತಿನ ಭರೂಚ್ ಕಡೆಯಿಂದ ಹೋದ ಮಾದರಿಗಳನ್ನು ನೋಡಿ ಸಾಂಡರ್ಸ್ ಎಂಬ ಇಂಗ್ಲಿಷ್ ಕೀಟಶಾಸ್ತ್ರಜ್ಞ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಇವತ್ತಿನ ಹೆಸರು ಪೆಕ್ಟಿನೊಫೋರಾ ಗಾಸಿಪಿಯೆಲ್ಲಾ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಭಾರತದ ಹತ್ತಿಬೀಜದ ಜೊತೆ ಈಜಿಪ್ಟ್ ಸೇರಿತು, ಅಲ್ಲಿಂದ 1911ರ ಹೊತ್ತಿಗೆ ಮೆಕ್ಸಿಕೊ, 1917ರಲ್ಲಿ ಅಮೆರಿಕದ ಟೆಕ್ಸಾಸ್. ಹಾರಿ ಹೋದದ್ದಲ್ಲ, ಮೂಟೆಗಳಲ್ಲಿ ಮಲಗಿಕೊಂಡೇ ಹೋದದ್ದು.

ಇನ್ನು ಬಿಟಿ ಹತ್ತಿಯ ವಿಷಯ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಒಂದು ಬಗೆಯ ಪ್ರೋಟೀನು ತಯಾರಿಸುತ್ತದೆ. ಅದನ್ನು ತಿಂದ ಪತಂಗದ ಮರಿಹುಳದ ಕರುಳಿನ ಗೋಡೆಯಲ್ಲಿ ಪ್ರೋಟೀನು ನಿರ್ದಿಷ್ಟ ತಾಣಗಳಿಗೆ ಅಂಟಿಕೊಂಡು ರಂಧ್ರ ಮಾಡುತ್ತದೆ, ಹುಳ ಸಾಯುತ್ತದೆ. ಆ ಪ್ರೋಟೀನು ತಯಾರಿಸುವ ಜೀನನ್ನು ಹತ್ತಿಗಿಡಕ್ಕೆ ಸೇರಿಸಿದರೆ ಗಿಡದ ಎಲ್ಲ ಭಾಗಗಳಲ್ಲೂ ಅದು ತಯಾರಾಗುತ್ತದೆ. ಕಾಯಿಯೊಳಗೆ ಅಡಗಿದ ಹುಳವನ್ನು ಔಷಧಿ ತಲುಪದಿದ್ದರೇನು, ಅದು ತಿನ್ನುವ ಬೀಜದಲ್ಲೇ ವಿಷವಿರುತ್ತದೆ. ಗುಲಾಬಿ ಕಾಯಿಕೊರಕಕ್ಕೆ ಇದಕ್ಕಿಂತ ಸರಿಯಾದ ಅಸ್ತ್ರ ಇರಲಿಲ್ಲ. ಭಾರತದಲ್ಲಿ 2002ರ ಮಾರ್ಚಿನಲ್ಲಿ ಒಂದು ಜೀನಿನ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು, 2006ರಲ್ಲಿ ಎರಡು ಜೀನಿನದು ಬಂತು. ಮೊದಲ ವರ್ಷಗಳಲ್ಲಿ ಸಿಂಪಡಣೆ ನಿಜವಾಗಿಯೂ ಕಡಿಮೆಯಾಯಿತು, ಇಳುವರಿಯೂ ಬಂತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಪ್ರದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಬಿಟಿಯಾಯಿತು.

ಆಮೇಲೆ 2008ರ ಹಂಗಾಮಿನಲ್ಲಿ ಗುಜರಾತಿನ ಅಮ್ರೇಲಿಯ ಹೊಲಗಳಿಂದ ತಂದ ಹುಳಗಳು ಮೊದಲ ಜೀನಿನ ವಿಷಕ್ಕೆ ಸಾಯಲಿಲ್ಲ. 2014–15ರ ಹೊತ್ತಿಗೆ ಎರಡು ಜೀನಿನ ಹತ್ತಿಯನ್ನೂ ತಿಂದು ಬದುಕುವ ಹುಳಗಳು ಗುಜರಾತಿನಲ್ಲಿ ಕಂಡವು. ಮುಂದೆ ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕ, 2021ರಲ್ಲಿ ಪಂಜಾಬ್. ಹಸಿರು ಕೀಡೆಗೆ ಮಾತ್ರ ಬಿಟಿ ಹತ್ತಿಯ ಹೊಡೆತ ಇನ್ನೂ ಬಹುಮಟ್ಟಿಗೆ ತಾಗುತ್ತಿತ್ತು. ಒಂದೇ ಹೊಲ, ಒಂದೇ ವಿಷ. ಒಂದು ಕೀಟ ಸೋತಿತು, ಇನ್ನೊಂದು ದಾಟಿಕೊಂಡಿತು. ಏಕೆ?

ಒಂದು ಲೆಕ್ಕ ಹಾಕೋಣ. ಪ್ರತಿ ಹುಳದಲ್ಲೂ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಬಿಟಿ ಪ್ರೋಟೀನು ಅಂಟುವ ಕರುಳಿನ ತಾಣವನ್ನು ರೂಪಿಸುವ ಜೀನು ಎಲ್ಲೋ ಒಂದು ಹುಳದಲ್ಲಿ ಆಕಸ್ಮಿಕವಾಗಿ ಬದಲಾಗಿದೆ ಎಂದುಕೊಳ್ಳಿ. ಎರಡರಲ್ಲಿ ಒಂದೇ ಪ್ರತಿ ಬದಲಾಗಿದ್ದರೆ ಪ್ರಯೋಜನವಿಲ್ಲ, ಇನ್ನೊಂದು ಪ್ರತಿ ರೂಪಿಸಿದ ತಾಣಕ್ಕೆ ವಿಷ ಅಂಟಿ ಹುಳ ಸಾಯುತ್ತದೆ. ಎರಡೂ ಬದಲಾಗಿದ್ದರೆ ಮಾತ್ರ ಬದುಕು. ಉದಾಹರಣೆಗೆ ಸಾವಿರದಲ್ಲಿ ಒಂದು ಪ್ರತಿ ಬದಲಾಗಿದ್ದರೆ, ಎರಡೂ ಬದಲಾದ ಹುಳ ಸಿಗುವುದು ಹತ್ತು ಲಕ್ಷಕ್ಕೆ ಒಂದು. ಬಿಟಿ ಹೊಲದಲ್ಲಿ ಉಳಿದವರೆಲ್ಲ ಸತ್ತು ಆ ಒಂದು ಹುಳ ಪತಂಗವಾಗಿ ಏಳುತ್ತದೆ. ಅದರ ಮದುವೆ ಯಾರ ಜೊತೆ ಆಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಪಕ್ಕದಲ್ಲಿ ಒಂದಿಷ್ಟು ಸಾದಾ ಹತ್ತಿ ಇದ್ದು, ಅಲ್ಲಿಂದ ನೂರಾರು ಸಾಮಾನ್ಯ ಪತಂಗಗಳು ಎದ್ದಿದ್ದರೆ, ಇದು ಕೂಡುವುದು ಬಹುತೇಕ ಖಂಡಿತವಾಗಿ ಅವುಗಳಲ್ಲೊಂದರ ಜೊತೆ. ಹುಟ್ಟುವ ಮರಿಗಳಿಗೆಲ್ಲ ಬದಲಾದ ಪ್ರತಿ ಒಂದೇ. ಅವು ಬಿಟಿ ಹತ್ತಿ ತಿಂದು ಸಾಯುತ್ತವೆ. ಸಾದಾ ಹತ್ತಿ ಇಲ್ಲದಿದ್ದರೆ ಉಳಿದವು ಉಳಿದವುಗಳ ಜೊತೆಯೇ ಕೂಡಬೇಕು. ಮರಿಗಳಿಗೆಲ್ಲ ಎರಡೂ ಪ್ರತಿ ಬದಲಾದವೇ, ಬಿಟಿ ಹೊಲವೆಲ್ಲ ಅವುಗಳದೇ. ಬಿಟಿ ಬೀಜದ 450 ಗ್ರಾಂ ಪೊಟ್ಟಣದ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದುದು, ಹೊಲದ ಸುತ್ತ ಐದು ಸಾಲು ಅಥವಾ ನೂರಕ್ಕೆ ಇಪ್ಪತ್ತರಷ್ಟು ಜಾಗದಲ್ಲಿ ಅದನ್ನು ಬಿತ್ತಿ ಎಂದು ನಿಯಮ ಮಾಡಿದ್ದು ಇದಕ್ಕೇ. ಆಶ್ರಯ ಬೆಳೆ ಎಂದು ಅದನ್ನು ಕರೆದರು. ಆದರೆ ಹುಳಕ್ಕೆ ಆಶ್ರಯ ಏಕೆ ಕೊಡಬೇಕು ಎಂಬುದನ್ನು ರೈತರಿಗೆ ಕೂತು ವಿವರಿಸಿದವರು ಎಷ್ಟು ಮಂದಿ? ಎರಡು ಮೂರು ಎಕರೆ ಇರುವವರಿಗೆ ಐದರಲ್ಲಿ ಒಂದು ಪಾಲು ಜಾಗ ಬಿಡುವುದು ಸಣ್ಣ ಮಾತಲ್ಲ. ಹೆಚ್ಚಿನವರು ಆ ಪೊಟ್ಟಣವನ್ನು ಬಿತ್ತಲಿಲ್ಲ. ಇದರಲ್ಲಿ ರೈತರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಮೇಲಿನ ಲೆಕ್ಕವನ್ನು ಅವರ ಭಾಷೆಯಲ್ಲಿ ಅವರ ಮುಂದಿಡುವ ಕೆಲಸ ಆಗಬೇಕಿತ್ತು. ನಂತರ ಸಾದಾ ಬೀಜವನ್ನು ಬಿಟಿ ಬೀಜದ ಜೊತೆ ಒಂದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಪದ್ಧತಿ ಬಂತು, ಆದರೆ ಅಷ್ಟರಲ್ಲಿ ಕೀಟ ದಾಟಿಯಾಗಿತ್ತು.

ಹಸಿರು ಕೀಡೆಗೆ ಆಶ್ರಯ ಬೆಳೆ ಬಿತ್ತದಿದ್ದರೂ ತೊಗರಿ ಇತ್ತು, ಕಡಲೆ ಇತ್ತು. ಆ ಹೊಲಗಳಲ್ಲಿ ಬಿಟಿ ರುಚಿಯನ್ನೇ ನೋಡದ ಲಕ್ಷಾಂತರ ಸಾಮಾನ್ಯ ಪತಂಗಗಳು ಹುಟ್ಟಿ ಬದಲಾದ ಜೀನನ್ನು ತೆಳುವಾಗಿಸುತ್ತಿದ್ದವು. ಗುಲಾಬಿ ಕಾಯಿಕೊರಕಕ್ಕೆ ಹತ್ತಿಯ ಹೊರತು ಬೇರೆ ಊಟವಿಲ್ಲ, ಹತ್ತಿಯೆಲ್ಲ ಬಿಟಿ. ಹೀಗಾಗಿ ಇಡೀ ಸಂತತಿ ಪ್ರತಿ ತಿಂಗಳೂ ಅದೇ ಜರಡಿಯಲ್ಲಿ ಸೋಸಿ ಬಂತು.

ನಮ್ಮಲ್ಲಿ ಇನ್ನೊಂದು ತೊಡಕೂ ಇತ್ತು. ಭಾರತದಲ್ಲಿ ಬಿಟಿ ಹತ್ತಿ ಬಂದದ್ದು ಹೈಬ್ರಿಡ್ ಬೀಜವಾಗಿ, ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಬೀಜವಾಗಿ. ಹೈಬ್ರಿಡ್ ಹತ್ತಿಯ ಕಥೆಯಲ್ಲಿ ಧಾರವಾಡಕ್ಕೆ ದೊಡ್ಡ ಜಾಗವಿದೆ, 1972ರಲ್ಲಿ ಡಾ. ಕಟರ್ಕಿ ಅವರು ಅಲ್ಲಿ ರೂಪಿಸಿದ ವರಲಕ್ಷ್ಮಿ ತಳಿ ನೀಳ ಎಳೆಯ ಹತ್ತಿಯಲ್ಲಿ ಕ್ರಾಂತಿಯನ್ನೇ ಮಾಡಿತ್ತು. ಆದರೆ ಹೈಬ್ರಿಡ್ ಗಿಡದಲ್ಲಿ ಬಿಟಿ ಜೀನು ಒಂದು ಕಡೆಯ ತಳಿಯಿಂದ ಬಂದಿದ್ದಾಗ, ಅದರ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಜೀನು ಒಂದೇ ಎಂದುಕೊಂಡರೆ ನಾಲ್ಕರಲ್ಲಿ ಸುಮಾರು ಒಂದು ಬೀಜದಲ್ಲಿ ವಿಷವೇ ಇರುವುದಿಲ್ಲ. ಎಲೆ ತಿನ್ನುವ ಹುಳಕ್ಕೆ ಇದರಿಂದ ಏನೂ ಆಗುವುದಿಲ್ಲ. ಬೀಜ ತಿನ್ನುವ ಹುಳಕ್ಕೆ ಎಲ್ಲವೂ ಆಗುತ್ತದೆ. ಒಂದು ಬೀಜದಲ್ಲಿ ವಿಷ, ಪಕ್ಕದ್ದರಲ್ಲಿ ಇಲ್ಲ. ಬದಲಾದ ಪ್ರತಿ ಒಂದೇ ಇರುವ ಹುಳವೂ ಇಂಥ ಬೆರಕೆ ಊಟದಲ್ಲಿ ಹೇಗೋ ಉಸಿರು ಹಿಡಿದು ಬದುಕುವ ಸಾಧ್ಯತೆ ಹುಟ್ಟುತ್ತದೆ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ್ ಕ್ರಾಂತಿ ಈ ಅಂಶವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಇದರ ಜೊತೆಗೆ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ದೀರ್ಘಾವಧಿಯವು. ಬೀಜಕ್ಕೆ ಅಷ್ಟು ದುಡ್ಡು ಕೊಟ್ಟವರು, ಕಾಲುವೆಯಲ್ಲಿ ನೀರೂ ಇದ್ದರೆ, ಫೆಬ್ರವರಿ ಮಾರ್ಚಿನವರೆಗೂ ಗಿಡ ನಿಲ್ಲಿಸಿ ಇನ್ನೊಂದು ಸಲ ಹತ್ತಿ ಬಿಡಿಸಲು ನೋಡುತ್ತಾರೆ. ತಿಂಗಳಿಗೊಂದು ಪೀಳಿಗೆಯ ಕೀಟಕ್ಕೆ ಆ ಎರಡು ತಿಂಗಳೆಂದರೆ ಎರಡು ಪೀಳಿಗೆ.

ಇದೇ ಕೀಟವನ್ನು ಅಮೆರಿಕ ತನ್ನ ಹತ್ತಿ ನಾಡಿನಿಂದ ಹೊರಗಟ್ಟಿದೆ. ಅರಿಜೋನಾದಲ್ಲಿ 1996ರಲ್ಲಿ ಬಿಟಿ ಹತ್ತಿ ಬಂದಾಗಿನಿಂದ ಒಂದು ದಶಕ ರೈತರು ಆಶ್ರಯ ಬೆಳೆಯನ್ನು ಬಹುಮಟ್ಟಿಗೆ ಬಿತ್ತಿದರು, ಕೀಟ ಒಗ್ಗಿಕೊಳ್ಳಲಿಲ್ಲ. 2006ರಿಂದ ಆಶ್ರಯದ ಬದಲು ಇನ್ನೊಂದು ಉಪಾಯ ಮಾಡಿದರು: ಫೀನಿಕ್ಸ್ ನಗರದ ಕೇಂದ್ರದಲ್ಲಿ ಪತಂಗಗಳನ್ನು ಸಾಕಿ, ವಿಕಿರಣದಿಂದ ಸಂತಾನಶಕ್ತಿ ಕಳೆದು, ವಿಮಾನದಿಂದ ಹೊಲಗಳ ಮೇಲೆ ಬಿಟ್ಟರು. ಒಂದೆರಡಲ್ಲ, ಕೋಟ್ಯಂತರ. ಹೊಲದಲ್ಲಿ ಉಳಿದ ಬೆರಳೆಣಿಕೆಯ ಪತಂಗಗಳು ಇವುಗಳ ಜೊತೆ ಕೂಡಿ ಮರಿಯಿಲ್ಲದೆ ಮುಗಿದವು. ಸಾಕಿದ ಹುಳಗಳ ಆಹಾರಕ್ಕೆ ಕೆಂಪು ಬಣ್ಣ ಬೆರೆಸುತ್ತಿದ್ದರು. ಬಲೆಗೆ ಬಿದ್ದ ಪತಂಗವನ್ನು ಹಿಸುಕಿದರೆ ಒಳಗೆ ಕೆಂಪಾಗಿದ್ದರೆ ತಮ್ಮದು, ಇಲ್ಲದಿದ್ದರೆ ಹೊಲದ್ದು. 2018ರ ಅಕ್ಟೋಬರಿನಲ್ಲಿ ಅಲ್ಲಿನ ಕೃಷಿ ಇಲಾಖೆ ನಿರ್ಮೂಲನೆಯಾಯಿತೆಂದು ಘೋಷಿಸಿತು. ಚೀನಾದ ಯಾಂಗ್ಟ್ಸೆ ಕಣಿವೆಯಲ್ಲಿ ನಡೆದದ್ದು ಇನ್ನೂ ಕುತೂಹಲದ್ದು. ಅಲ್ಲಿನ ರೈತರು ಬಿಟಿ ಹೈಬ್ರಿಡ್‌ನ ಎರಡನೇ ಪೀಳಿಗೆಯ ಬೀಜವನ್ನು ಬಿತ್ತತೊಡಗಿದರು. ಹಾಗೆ ಬಿತ್ತಿದಾಗ ನಾಲ್ಕರಲ್ಲಿ ಒಂದು ಗಿಡ ಸಾದಾ ಹತ್ತಿ. ಯಾರೂ ಹೇಳದೆ ಹೊಲದ ತುಂಬ ಆಶ್ರಯ ಹರಡಿಕೊಂಡಿತು, ಬೆಳೆಯುತ್ತಿದ್ದ ನಿರೋಧಕ ಶಕ್ತಿ ಇಳಿಯಿತು. 2017ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು.

ಮರುಭೂಮಿಯ ನಡುವೆ ಪ್ರತ್ಯೇಕವಾಗಿರುವ ಅರಿಜೋನಾದ ಹೊಲಗಳ ಮಾದರಿಯನ್ನು ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ಹತ್ತಿ ಬೆಳೆಯುವ ದೇಶಕ್ಕೆ ಹಾಗೆಯೇ ತರಲಾಗದು. ಆದರೆ ಕೀಟದ ಮೂಲ ದೌರ್ಬಲ್ಯ ಇಲ್ಲೂ ಅದೇ. ವಿಷಕ್ಕೆ ಬೇಗ ಒಗ್ಗಿಕೊಳ್ಳಲು ಕಾರಣವಾದ ಆ ಒಂದೇ ಬೆಳೆಯ ನಂಟು, ಹತ್ತಿ ಇಲ್ಲದ ತಿಂಗಳುಗಳು ಉದ್ದವಾದಷ್ಟೂ ಅದರ ಕುತ್ತಿಗೆಗೆ ಬರುತ್ತದೆ. ಬಿಟಿಗೆ ಒಗ್ಗಿದ ಹುಳವೂ ಹಸಿವಿಗೆ ಒಗ್ಗಿಲ್ಲ.

ಆದ್ದರಿಂದ ಕೃಷಿ ವಿಶ್ವವಿದ್ಯಾಲಯಗಳು ಹೇಳುವ ಕ್ರಮಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಕ್ಯಾಲೆಂಡರನ್ನು. ಅಲ್ಪಾವಧಿ ತಳಿ, ಊರೆಲ್ಲ ಸರಿಸುಮಾರು ಒಂದೇ ಹೊತ್ತಿಗೆ, ಮೊದಲೇ ಎದ್ದ ಪತಂಗಗಳಿಗೆ ಮೊಗ್ಗು ಸಿಗದಂತೆ ಮುಂಗಾರು ನೆಲೆಯಾದ ಮೇಲೆ ಬಿತ್ತನೆ; ಡಿಸೆಂಬರ್ ಮುಗಿಯುವುದರೊಳಗೆ, ತಪ್ಪಿದರೆ ಜನವರಿಯಲ್ಲಿ, ಹತ್ತಿ ಪೂರ್ತಿ ತೆಗೆಯುವುದು. ಆಮೇಲೆ ಕುರಿ ಮೇಕೆಗಳ ಹಿಂಡನ್ನು ಹೊಲಕ್ಕೆ ಬಿಟ್ಟರೆ ಉಳಿದ ಹಸಿಕಾಯಿಗಳನ್ನು ಹುಳದ ಸಮೇತ ಮುಗಿಸುತ್ತವೆ. ಕಟ್ಟಿಗೆಯನ್ನು ಕಿತ್ತು ಪುಡಿ ಮಾಡಿ ಮಣ್ಣಿಗೆ ಸೇರಿಸುವುದು, ಹಿತ್ತಲಲ್ಲಿ ಒಟ್ಟದಿರುವುದು. ಟೆಕ್ಸಾಸಿನಲ್ಲಿ ಹತ್ತಿಕಟ್ಟಿಗೆ ನಾಶಕ್ಕೆ ಕೊನೆಯ ದಿನಾಂಕವನ್ನು ಕಾನೂನಿನಲ್ಲೇ ಬರೆದಿದ್ದಾರೆ.

ಬೆಳೆ ನಿಂತಿರುವಾಗ ನಿಗಾ ಇಡಲು ಮೋಹಕ ಬಲೆಗಳಿವೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆ ಎರಡು ರಾಸಾಯನಿಕಗಳ ಸಮಪಾಲಿನ ಬೆರಕೆ ಎಂದು 1973ರಲ್ಲಿ ಗೊತ್ತಾಯಿತು, ಗಾಸಿಪ್ಲೂರ್ ಎಂದು ಹೆಸರಾಯಿತು. ಬಲೆಯಲ್ಲಿ ಆ ವಾಸನೆಯ ಗುಳಿಗೆ ಇಟ್ಟರೆ ಗಂಡುಗಳು ಬಂದು ಬೀಳುತ್ತವೆ. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಸತತವಾಗಿ ಬಿದ್ದರೆ ಅಪಾಯ ಬಂತು ಎಂದರ್ಥ. ಜೊತೆಗೆ ಹೊಲದ ಅಲ್ಲಲ್ಲಿಂದ ಇಪ್ಪತ್ತು ಎಳೆಕಾಯಿ ಕಿತ್ತು ಒಡೆದು ನೋಡಬೇಕು. ಎರಡರಲ್ಲಿ ಹುಳ ಕಂಡರೆ ಸಿಂಪಡಣೆಗೆ ಸಮಯ. ಅದೇ ವಾಸನೆಯನ್ನು ತುಂಬಿದ ದಾರಗಳನ್ನು ಹೊಲದ ತುಂಬ ಗಿಡಗಳಿಗೆ ಕಟ್ಟಿದರೆ ಎಲ್ಲ ಕಡೆಯೂ ಹೆಣ್ಣಿನ ವಾಸನೆಯೇ ತುಂಬಿ, ಗಂಡಿಗೆ ನಿಜವಾದ ಹೆಣ್ಣು ಸಿಗುವುದಿಲ್ಲ. ಹೊಲಗಳು ಕೂಡಿಕೊಂಡು ದೊಡ್ಡ ಪ್ರದೇಶದಲ್ಲಿ ಮಾಡಿದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬರದೇ ಒಂದು ಎಕರೆಯಲ್ಲಿ ಮಾಡಿದರೆ ಹೊರಗೆ ಕೂಡಿದ ಹೆಣ್ಣು ಒಳಗೆ ಬಂದು ಮೊಟ್ಟೆ ಇಡುತ್ತದೆ. ಮೊಟ್ಟೆಗಳನ್ನೇ ಹುಡುಕಿ ಅವುಗಳೊಳಗೆ ತನ್ನ ಮೊಟ್ಟೆ ಇಡುವ ಟ್ರೈಕೊಗ್ರಾಮದಂಥ ಸೂಕ್ಷ್ಮ ಕಣಜಗಳನ್ನು ಬಿಡುವುದೂ ಉಂಟು. ಗಾಬರಿಯಿಂದ ಪೈರಿಥ್ರಾಯ್ಡ್ ಔಷಧಿಗಳನ್ನು ಪದೇ ಪದೇ ಹೊಡೆದರೆ ಇಂಥ ಉಪಕಾರಿ ಜೀವಿಗಳೇ ಮೊದಲು ಸಾಯುತ್ತವೆ, ಬಿಳಿನೊಣ ಹೆಚ್ಚುತ್ತದೆ.

ಜಿನ್ನಿಂಗ್ ಮಿಲ್ಲುಗಳ ಮಾತು ಬೇರೆಯಾಗಿ ಆಡಬೇಕು. ಹತ್ತೂರಿನ ಹತ್ತಿ ಅಲ್ಲಿ ಸೇರುತ್ತದೆ, ಜೋಡಿಬೀಜದೊಳಗೆ ಮಲಗಿದ ಹುಳವೂ ಸೇರುತ್ತದೆ. ಆವರಣದಲ್ಲಿ ಬಲೆಗಳಿಲ್ಲದಿದ್ದರೆ, ಕಾಳಿನ ರಾಶಿ ಬೇಸಿಗೆ ದಾಟಿದರೆ, ಸುತ್ತಲಿನ ಹೊಲಗಳಿಗೆ ಮೊದಲ ಪತಂಗ ಬರುವುದು ಅಲ್ಲಿಂದಲೇ.

ಕೊನೆಯ ಬಿಡಿಸುವಿಕೆಯನ್ನು ಕೈಬಿಡಿ ಎಂದು ರೈತರಿಗೆ ಹೇಳುವುದು ಸುಲಭ. ಆ ಹತ್ತಿ ಕಲೆಯಾಗಿ ಕಡಿಮೆ ಬೆಲೆಗೆ ಹೋಗುವಂಥದ್ದಾದರೂ ಕೈಗೆ ಬರುವ ದುಡ್ಡು ಅದು. ಜನವರಿಯಲ್ಲಿ ಹೊಲ ಖಾಲಿ ಮಾಡಿದವರಿಗೆ ಮುಂದೆ ಬಿತ್ತಲು ಬೀಜ ಬೇಕು, ಕಟ್ಟಿಗೆ ಪುಡಿ ಮಾಡುವ ಯಂತ್ರ ಬಾಡಿಗೆಗೆ ಊರಿನಲ್ಲೇ ಸಿಗಬೇಕು, ಒಲೆಗೆ ಕಟ್ಟಿಗೆಯ ಬದಲು ಇನ್ನೊಂದು ಉರುವಲು ಬೇಕು. ಊರಿನಲ್ಲಿ ನಾಲ್ಕು ಮಂದಿ ಮಾರ್ಚಿನವರೆಗೆ ಗಿಡ ನಿಲ್ಲಿಸಿದರೂ ಉಳಿದ ನೂರು ಮಂದಿಯ ಶ್ರಮ ಸೋಲುತ್ತದೆ. ಹೀಗಾಗಿ ಈ ವ್ಯವಸ್ಥೆ ಒಬ್ಬೊಬ್ಬರಿಗಲ್ಲ, ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ, ಡಿಸೆಂಬರಿಗೆ ಮೊದಲೇ ಆಗಬೇಕು.